ಅಸಲಿ ನವಾಹೋ ಜಮಖಾನ: ಅಂಚು ನೋಡಿ ಗುರುತಿಸುವುದು, ಕೊಳ್ಳುವುದು, ಕಾಪಾಡುವುದು

ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ಜಮಖಾನದ ವಿನ್ಯಾಸವನ್ನು ನಕಲು ಮಾಡುವುದು ಕಷ್ಟವಲ್ಲ. ಕೆಂಪು ನೆಲ, ಮೆಟ್ಟಿಲು ಮೆಟ್ಟಿಲಾಗಿ ಏರುವ ವಜ್ರಾಕೃತಿ, ಸುತ್ತ ಕಪ್ಪು ಪಟ್ಟಿ: ಇದನ್ನು ಮೆಕ್ಸಿಕೋದಲ್ಲೂ ನೇಯುತ್ತಾರೆ, ಭಾರತದಿಂದಲೂ ರಫ್ತು ಮಾಡುತ್ತಾರೆ. ಸುಲಭಕ್ಕೆ ನಕಲಾಗದ್ದು ಅದರ ಹಾಸು, ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು. ಅದನ್ನು ಹೂಡಿದ ರೀತಿ ಜಮಖಾನದ ನಾಲ್ಕೂ ಅಂಚಿನಲ್ಲಿ ಗುರುತು ಬಿಟ್ಟಿರುತ್ತದೆ. ಅಂಗಡಿಯವರು ಜಮಖಾನ ಬಿಚ್ಚಿ ಹರಡಿದಾಗ ಕಣ್ಣು ನಡುವಿನ ಚಿತ್ತಾರಕ್ಕೆ ಹೋಗುವುದು ಸಹಜ. ಕೈ ಮಾತ್ರ ಮೊದಲು ಅಂಚಿಗೆ ಹೋಗಲಿ.

ಫೀನಿಕ್ಸ್, ಆಲ್ಬುಕರ್ಕಿ ಕಡೆ ನೆಲೆಸಿರುವ ಕನ್ನಡಿಗರಿಗೂ, ಗ್ರ್ಯಾಂಡ್ ಕ್ಯಾನ್ಯನ್ ಅಥವಾ ಮಾನ್ಯುಮೆಂಟ್ ವ್ಯಾಲಿ ನೋಡಲು ಹೋಗಿ ದಾರಿಬದಿಯ ಅಂಗಡಿಯಲ್ಲಿ ಒಂದನ್ನು ಕೊಳ್ಳುವ ಮನಸ್ಸಾದವರಿಗೂ ಈ ಬರಹ. ಇಲ್ಲಿ ‘ಜಮಖಾನ’ ಎನ್ನುವ ಪದವನ್ನು ಬೇಕೆಂದೇ ಬಳಸಿದೆ. ನವಾಹೋ ನೇಯ್ಗೆಗೆ ರತ್ನಗಂಬಳಿಯ ಹಾಗೆ ಮೇಲ್ಮೈಯಲ್ಲಿ ಜುಂಗು ಇರುವುದಿಲ್ಲ. ಎರಡೂ ಮುಖ ಒಂದೇ, ಹಿಂದು ಮುಂದು ಎಂಬ ಭೇದವಿಲ್ಲ. ನಮ್ಮ ನವಲಗುಂದದ ಜಮಖಾನವನ್ನು ಹೆಣ್ಣುಮಕ್ಕಳು ನಿಂತ ಮಗ್ಗದಲ್ಲಿ ನೇಯುತ್ತಾರಲ್ಲ, ಅದನ್ನು ಕಂಡವರಿಗೆ ಈ ಕೆಲಸ ಅರ್ಧ ಪರಿಚಿತ. ನವಲಗುಂದದ್ದು ಹತ್ತಿ, ಇದು ಉಣ್ಣೆ. ಹಾಸು ಹೂಡುವ ಕ್ರಮ ಮಾತ್ರ ಪೂರ್ತಿ ಬೇರೆ.

ತಮ್ಮನ್ನು ‘ದಿನೆ’ ಎಂದು ಕರೆದುಕೊಳ್ಳುವ ನವಾಹೋ ಜನ ಅರಿಝೋನಾ, ನ್ಯೂ ಮೆಕ್ಸಿಕೋ, ಯೂಟಾ ರಾಜ್ಯಗಳಲ್ಲಿ ಹರಡಿರುವ ನವಾಹೋ ನೇಷನ್‌ನವರು. ನೇಯ್ಗೆ ಕಲಿಸಿದವಳು ಜೇಡಜ್ಜಿ ಎಂಬುದು ಅವರ ನಂಬಿಕೆ. ಕ್ಯಾನ್ಯನ್ ಡಿ ಶೇ ಕಣಿವೆಯ ಸ್ಪೈಡರ್ ರಾಕ್ ಎಂಬ ಎತ್ತರದ ಕಲ್ಲುಕಂಬ ಅವಳ ಮನೆ. ನೆರೆಯ ಪ್ವೆಬ್ಲೋ ಜನರಿಂದ ಮಗ್ಗ ಬಂತು, ಸ್ಪೇನಿನವರು ತಂದ ಚುರ್ರೋ ಕುರಿಯಿಂದ ಉಣ್ಣೆ ಬಂತು ಎನ್ನುತ್ತದೆ ಇತಿಹಾಸ. ಮೊದಮೊದಲು ನೇಯುತ್ತಿದ್ದದ್ದು ಹೊದೆಯುವ ಕಂಬಳಿಗಳನ್ನೇ. 1880ರ ದಶಕದಲ್ಲಿ ರೈಲು ಬಂದ ಮೇಲೆ ಗಿರಣಿಯ ಅಗ್ಗದ ಕಂಬಳಿಗಳು ಹೊದಿಕೆಯ ಜಾಗ ಹಿಡಿದವು. ವ್ಯಾಪಾರಿಗಳು ಪೂರ್ವದ ನಗರಗಳ ಮನೆಗಳಿಗಾಗಿ ನೆಲಕ್ಕೆ ಹಾಸುವಂಥ ದಪ್ಪ ನೇಯ್ಗೆ ಕೇಳತೊಡಗಿದರು.

ಮೊದಲು ಮಗ್ಗ ಅರ್ಥವಾಗಬೇಕು

ಇದನ್ನು ಬಿಟ್ಟು ಮುಂದಕ್ಕೆ ಹೋದರೆ ಅಂಚಿನ ಪರೀಕ್ಷೆ ಬಾಯಿಪಾಠವಾಗುತ್ತದೆಯೇ ಹೊರತು ತಿಳಿಯುವುದಿಲ್ಲ.

ನೇಕಾರಳು ಮೊದಲು ನೆಲದ ಮೇಲೆ ತಾತ್ಕಾಲಿಕ ಚೌಕಟ್ಟೊಂದನ್ನು ಕಟ್ಟಿ ಎರಡು ಕೋಲುಗಳನ್ನು ಎದುರುಬದುರಾಗಿ ಬಿಗಿಯುತ್ತಾಳೆ. ಕೋಲುಗಳ ನಡುವಿನ ಅಂತರವೇ ಜಮಖಾನದ ಉದ್ದ. ಬಿಗಿಯಾಗಿ ಹುರಿ ಹಾಕಿದ ಒಂದೇ ಅಖಂಡ ಉಣ್ಣೆ ನೂಲನ್ನು ಈ ಕೋಲುಗಳ ಸುತ್ತ ಇಂಗ್ಲಿಷಿನ 8ರ ಆಕಾರದಲ್ಲಿ ಸುತ್ತುತ್ತಾ ಹೋಗುತ್ತಾಳೆ. ಸುತ್ತು ಮುಗಿದ ಮೇಲೆ, ಕೋಲಿನ ಬಳಿ ನೂಲು ತಿರುಗಿದ ಒಂದೊಂದು ಕುಣಿಕೆಯನ್ನೂ ದಪ್ಪ ಹುರಿಗಳಿಂದ ಹೆಣೆದು, ಎಳೆ ಎಳೆಯ ನಡುವಿನ ಅಂತರವನ್ನು ಭದ್ರ ಮಾಡುತ್ತಾಳೆ. ಆಮೇಲೆ ಕೋಲು ತೆಗೆದು, ಆ ಅಂಚಿನ ಹುರಿಯನ್ನೇ ನಿಂತ ಮಗ್ಗದ ಮೇಲಿನ ಮತ್ತು ಕೆಳಗಿನ ಅಡ್ಡದಂಡಗಳಿಗೆ ಬೇರೆ ಹಗ್ಗದಿಂದ ಬಿಗಿಯುತ್ತಾಳೆ. ಹಾಸಿನ ನೂಲು ಎಲ್ಲಿಯೂ ಕತ್ತರಿ ಕಾಣುವುದಿಲ್ಲ.

ಈ ಮಗ್ಗಕ್ಕೆ ಕಾಲುಮಣೆ ಇಲ್ಲ, ಲಾಳಿ ಓಡುವುದಿಲ್ಲ. ಬಣ್ಣ ಬದಲಾಗುವ ಕಡೆಯೆಲ್ಲ ಹೊಕ್ಕನ್ನು, ಎಂದರೆ ಹಾಸಿಗೆ ಅಡ್ಡವಾಗಿ ಹಾಯುವ ನೂಲನ್ನು, ಬೆರಳಿನಿಂದಲೇ ತೂರಿಸಿ, ಮರದ ಹಣಿಗೆಯಿಂದ ಕುಟ್ಟಿ ಕೂರಿಸಬೇಕು. ಹೊಕ್ಕು ಎಷ್ಟು ಒತ್ತಾಗಿ ಕೂರುತ್ತದೆಂದರೆ ಹಾಸು ಪೂರ್ತಿ ಮುಚ್ಚಿಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ನೇಯುತ್ತಾ ಬಂದು ಕೊನೆಯ ಕೆಲವು ಅಂಗುಲ ಉಳಿದಾಗ, ಎಳೆಗಳನ್ನು ಬೇರ್ಪಡಿಸುವ ಹಲಗೆ ತೂರಿಸಲು ಜಾಗವೇ ಇರುವುದಿಲ್ಲ. ತೆಳ್ಳನೆಯ ಕಡ್ಡಿ ಹಿಡಿಯಬೇಕು, ಕಡೆಗೆ ದಬ್ಬಳದಂಥ ಸೂಜಿಯಲ್ಲಿ ಒಂದೊಂದೇ ಎಳೆ ಹೆಕ್ಕಿ ಹೊಕ್ಕು ತುಂಬಬೇಕು. ಅತ್ಯಂತ ನಿಧಾನದ ಕೆಲಸ ಇದೇ.

ಮೆಕ್ಸಿಕೋದ ವಹಾಕಾ ಪ್ರಾಂತ್ಯದ ತೆಯೊತಿತ್ಲಾನ್ ದೆಲ್ ವಾಯೆ ಊರಿನ ಸಪೋಟೆಕ್ ನೇಕಾರರು ಕಾಲುಮಣೆಯ ಮಗ್ಗದಲ್ಲಿ ನೇಯುತ್ತಾರೆ. ಉದ್ದನೆಯ ಹಾಸು ಹೂಡಿ, ನೇಯ್ದಂತೆ ಸುತ್ತಿ, ಕೊನೆಗೆ ಕತ್ತರಿಸುತ್ತಾರೆ. ಅವರದು ಅವರದೇ ಆದ ಶ್ರೇಷ್ಠ ಕಸುಬು, ಅದರ ಹೆಸರಿನಲ್ಲೇ ಕೊಂಡರೆ ಒಳ್ಳೆಯ ಖರೀದಿ. ಅದನ್ನು ನವಾಹೋ ಎಂದು ಹೇಳಿ ಮಾರಿದಾಗ ಮಾತ್ರ ಇಬ್ಬರು ನೇಕಾರರಿಗೂ ಅನ್ಯಾಯ.

ಅಂಚಿನ ಪರೀಕ್ಷೆ, ಹಂತ ಹಂತವಾಗಿ

1. ಹಾಸು ಯಾವ ದಿಕ್ಕಿಗಿದೆ ಎಂದು ಕಂಡುಕೊಳ್ಳಿ. ಬೆರಳಾಡಿಸಿದರೆ ಸಣ್ಣ ಏಣುಗಳು ಒಂದರ ಪಕ್ಕ ಒಂದು ಸಾಲಾಗಿ ತಗಲುತ್ತವೆ. ಒಂದೊಂದು ಏಣಿನೊಳಗೂ ಒಂದು ಹಾಸಿನ ಎಳೆ ಇದೆ. ಆ ಏಣುಗಳು ಹೋಗಿ ಮುಟ್ಟುವ ಎರಡು ಅಂಚುಗಳೇ ‘ತುದಿ’, ಉಳಿದೆರಡು ‘ಪಕ್ಕ’.

2. ತುದಿ ನೋಡಿ. ನವಾಹೋ ಜಮಖಾನದ ತುದಿಯಲ್ಲಿ ಹೆಣೆದ ಹುರಿ ಅಡ್ಡಕ್ಕೆ ಓಡುತ್ತಿರುತ್ತದೆ, ಹಾಸಿನ ಕುಣಿಕೆಗಳು ಅದರೊಳಗೆ ತಿರುಗಿ ಹಿಂದಕ್ಕೆ ಹೋಗಿರುತ್ತವೆ. ಕುಚ್ಚಾಗಿ ಇಳಿಬಿದ್ದ ನೂಲು, ಗಂಟು ಹಾಕಿದ ನೂಲು ಕಂಡರೆ ಹಾಸು ಕತ್ತರಿಸಿದೆ ಎಂದರ್ಥ. ಕುಚ್ಚು ಇಲ್ಲದ ಮಾತ್ರಕ್ಕೆ ಸಮಾಧಾನ ಪಡಬೇಡಿ. ಕತ್ತರಿಸಿದ ತುದಿಗಳನ್ನು ಸೂಜಿಯಿಂದ ನೇಯ್ಗೆಯೊಳಕ್ಕೇ ತೂರಿಸಿ ಮರೆಮಾಡುವುದುಂಟು. ಹೆಬ್ಬೆರಳು ತೋರುಬೆರಳ ನಡುವೆ ತುದಿಯನ್ನು ಹಿಡಿದು ಒಳಕ್ಕೆ ಜಾರಿಸಿ. ಮೊದಲ ಒಂದೆರಡು ಅಂಗುಲ ದಪ್ಪವಾಗಿದ್ದು ಆಮೇಲೆ ತಟಕ್ಕನೆ ತೆಳುವಾದರೆ, ಅಡಗಿಸಿದ ನೂಲು ಅಲ್ಲಿದೆ.

3. ಪಕ್ಕ ನೋಡಿ. ಹೆಚ್ಚಿನ ನವಾಹೋ ಜಮಖಾನಗಳಲ್ಲಿ ಪಕ್ಕದುದ್ದಕ್ಕೂ ಎರಡು ಹುರಿಗಳು ಒಂದಕ್ಕೊಂದು ಹೊಸೆದುಕೊಂಡು ಹಗ್ಗದ ಹಾಗೆ ಕಾಣುತ್ತವೆ. ಕೆಲವು ಸಾಲಿಗೊಮ್ಮೆ ಹೊಕ್ಕಿನ ನೂಲು ಒಂದು ಹುರಿಯನ್ನು ಬಳಸಿ ಹಿಂತಿರುಗುತ್ತದೆ. ಮುಖ್ಯವಾದ ಪ್ರಶ್ನೆ ಇದೇ: ಹೊಕ್ಕು ಹುರಿಯನ್ನು ಬಳಸಿದೆಯೇ, ಅಥವಾ ನೇಯ್ದು ಮುಗಿದ ಮೇಲೆ ಹುರಿಯನ್ನು ಹೊಲಿದು ಅಂಟಿಸಿದ್ದಾರೆಯೇ? ಹೊಲಿದಿದ್ದರೆ ಬೇರೆ ದಾರ ಕಾಣುತ್ತದೆ, ಹುರಿಯನ್ನು ಮೆಲ್ಲಗೆ ಎಳೆದರೆ ನೇಯ್ಗೆಯಿಂದ ದೂರ ಸರಿಯುತ್ತದೆ. ಕಾಲುಮಣೆ ಮಗ್ಗದ ನೇಯ್ಗೆಯಲ್ಲಿ ಪಕ್ಕದ ಬಲಕ್ಕಾಗಿ ಎರಡು ಮೂರು ಹಾಸಿನ ಎಳೆಗಳನ್ನು ಒಟ್ಟುಗೂಡಿಸಿರುತ್ತಾರೆ. ಹಾಗಾಗಿ ಕೊನೆಯ ಏಣು ಉಳಿದವುಗಳಿಗಿಂತ ದಪ್ಪ.

4. ಮೂಲೆ ನೋಡಿ. ತುದಿಯ ಹುರಿಯೂ ಪಕ್ಕದ ಹುರಿಯೂ ಸೇರುವ ಕಡೆ ಗಂಟು ಹಾಕಿ ಸಣ್ಣ ಕುಚ್ಚು ಬಿಡುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ಕುಚ್ಚು. ಹಳೆಯದರಲ್ಲಿ ಸವೆದು ಹೋಗಿರಬಹುದು.

5. ಬೆಳಕಿಗೆ ಹಿಡಿಯಿರಿ. ಒಂದೇ ಬಣ್ಣದ ನೆಲದಲ್ಲಿ ಓರೆಯಾಗಿ ಹಾಯುವ ಸೂಕ್ಷ್ಮ ಗೆರೆ ಕಾಣಬಹುದು. ಅಗಲವಾದ ನೇಯ್ಗೆಯನ್ನು ಅಂಚಿನಿಂದ ಅಂಚಿಗೆ ಒಂದೇ ಸಲ ತುಂಬದೆ, ಕೂತಲ್ಲೇ ಕೈಗೆಟುಕುವಷ್ಟು ಭಾಗ ನೇಯ್ದು ಆಮೇಲೆ ಪಕ್ಕಕ್ಕೆ ಸರಿದಾಗ ಈ ಗೆರೆ ಉಳಿಯುತ್ತದೆ. ಇದನ್ನು ‘ಲೇಜಿ ಲೈನ್’ ಎನ್ನುತ್ತಾರೆ. ಹೆಸರು ಅನ್ಯಾಯದ್ದು, ಇದರಲ್ಲಿ ಸೋಮಾರಿತನ ಏನೂ ಇಲ್ಲ. ಈ ಗೆರೆ ಇದ್ದರೆ ಬಲವಾದ ಸಾಕ್ಷಿ. ಇಲ್ಲದಿದ್ದರೆ ಏನನ್ನೂ ತೀರ್ಮಾನಿಸಬೇಡಿ. ಚಿಕ್ಕ ಜಮಖಾನಗಳಲ್ಲಿ, ನಯವಾದ ಈಚಿನ ನೇಯ್ಗೆಯಲ್ಲಿ ಇದು ಇರದಿರಬಹುದು.

6. ಎರಡೂ ತುದಿಗಳ ನೇಯ್ಗೆಯನ್ನು ಹೋಲಿಸಿ. ಸೂಜಿಯಿಂದ ಮುಗಿಸಿದ ತುದಿಯ ಕೆಲವು ಅಂಗುಲಗಳಲ್ಲಿ ಹೊಕ್ಕಿನ ಒತ್ತು ಸ್ವಲ್ಪ ಬೇರೆಯಾಗಿರುತ್ತದೆ. ನುರಿತವರ ಕೆಲಸದಲ್ಲಿ ಇದನ್ನು ಪತ್ತೆ ಮಾಡುವುದು ಬಹಳ ಕಷ್ಟ, ಅದೇ ಅವರ ಹಿರಿಮೆ.

7. ಹಾಸಿನ ನೂಲು ಯಾವುದು? ಸವೆದ ಜಾಗವಿದ್ದರೆ ಅಲ್ಲೇ ಕಾಣುತ್ತದೆ. ಇಲ್ಲವಾದರೆ ಮೊಂಡು ಸೂಜಿಯಿಂದ ಹೊಕ್ಕನ್ನು ಕೂದಲೆಳೆಯಷ್ಟು ಸರಿಸಿ ನೋಡಿ. ಉಣ್ಣೆಗೆ ಸಣ್ಣ ರೋಮ ಎದ್ದಿರುತ್ತದೆ, ಹತ್ತಿ ನುಣುಪಾಗಿ ಬೆಳ್ಳಗಿರುತ್ತದೆ. ಒಳ್ಳೆಯ ನವಾಹೋ ಜಮಖಾನಕ್ಕೆ ಉಣ್ಣೆಯ ಹಾಸೇ ರೂಢಿ. ನೂಲು ಸುಟ್ಟು ವಾಸನೆ ನೋಡುವ ಪರೀಕ್ಷೆಯನ್ನು ಇಲ್ಲಿ ಮಾಡಬೇಡಿ.

ಈ ನಿಯಮಗಳಿಗೆ ಎರಡು ದೊಡ್ಡ ವಿನಾಯಿತಿಗಳಿವೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜರ್ಮನ್‌ಟೌನ್ ಎಂಬ ಗಿರಣಿ ನೂಲಿನಿಂದ ನೇಯ್ದ ಜಮಖಾನಗಳಲ್ಲಿ ಹತ್ತಿಯ ಹಾಸು ಇರುತ್ತದೆ, ಅಂದಕ್ಕಾಗಿ ಆಮೇಲೆ ಸೇರಿಸಿದ ಕುಚ್ಚೂ ಇರುತ್ತದೆ. ಇವು ಅಸಲಿ ಮಾತ್ರವಲ್ಲ, ಬೆಲೆಬಾಳುವಂಥವು. ಇನ್ನೊಂದು ‘ಗ್ಯಾಲಪ್ ಥ್ರೋ’: ಪ್ರವಾಸಿಗರಿಗಾಗಿ ನೇಯ್ದ, ಹತ್ತಿ ಹಾಸಿನ, ಒಂದು ತುದಿಯಲ್ಲಿ ಕುಚ್ಚಿರುವ ಚಿಕ್ಕ ತುಂಡು. ಅದೂ ನವಾಹೋ ಕೈಯದೇ, ಆದರೆ ಬೆಲೆಯಲ್ಲಿ ಜಮಖಾನದ ಸಾಲಿಗೆ ಬರುವುದಿಲ್ಲ.

‘ಸ್ಪಿರಿಟ್ ಲೈನ್’ ಎಂಬ ಇನ್ನೊಂದು ಗೆರೆಯ ಬಗ್ಗೆ ಅಂಗಡಿಗಳಲ್ಲಿ ಬಹಳ ಹೇಳುತ್ತಾರೆ. ಒಳಗಿನ ನೆಲದ ಬಣ್ಣದ ಒಂದು ಎಳೆ ಸುತ್ತಂಚಿನ ಪಟ್ಟಿಯನ್ನು ದಾಟಿ ಹೊರ ಅಂಚಿಗೆ ಹೋಗಿರುತ್ತದೆ. ನೇಕಾರಳ ಮನಸ್ಸು ಆ ನೇಯ್ಗೆಯೊಳಗೇ ಸಿಕ್ಕಿಕೊಳ್ಳದೆ ಹೊರಬರಲಿ ಎಂದು ಬಿಟ್ಟ ದಾರಿ ಅದು. ಸುತ್ತಪಟ್ಟಿ ಇರುವ ಜಮಖಾನದಲ್ಲಿ ಮಾತ್ರ ಇದಕ್ಕೆ ಅರ್ಥ, ಅಲ್ಲೂ ಎಲ್ಲರೂ ಹಾಕುವುದಿಲ್ಲ. ಒಂದೆಳೆ ಬೇರೆ ಬಣ್ಣ ಹಾಕುವುದು ನಕಲು ಮಾಡುವವರಿಗೂ ಸುಲಭ. ಆದ್ದರಿಂದ ಅದು ಸುಂದರವಾದ ಗುರುತು, ಪುರಾವೆಯಲ್ಲ.

ಗುಣಮಟ್ಟ ಅಳೆಯುವುದು

ಅಸಲಿ ಎಂದು ತಿಳಿದ ಮೇಲೆ ಎಷ್ಟು ಒಳ್ಳೆಯದು ಎಂಬ ಪ್ರಶ್ನೆ. ಒಂದು ಸ್ಕೇಲು, ಒಂದು ಭೂತಗನ್ನಡಿ ಸಾಕು. ಸ್ಕೇಲನ್ನು ಹಾಸಿನ ಉದ್ದಕ್ಕೆ ಇಟ್ಟು, ಒಂದೇ ಏಣಿನ ಮೇಲೆ ಒಂದು ಅಂಗುಲದಲ್ಲಿ ಕಾಣುವ ಹೊಕ್ಕಿನ ಉಬ್ಬುಗಳನ್ನು ಎಣಿಸಿ, ಎರಡರಿಂದ ಗುಣಿಸಿ. ಗುಣಿಸುವುದೇಕೆ? ಒಂದು ಸಾಲಿನ ಹೊಕ್ಕು ಈ ಏಣಿನ ಮೇಲೆ ಹಾದರೆ ಮುಂದಿನ ಸಾಲಿನದು ಹಿಂದೆ ಹಾಯುತ್ತದೆ, ಕಣ್ಣಿಗೆ ಬೀಳುವುದು ಅರ್ಧ ಮಾತ್ರ. ಬಹಳ ಮಂದಿ ತಪ್ಪುವುದು ಇಲ್ಲೇ. ನಡುವೆ ಒಂದು ಕಡೆ, ಅಂಚಿನ ಬಳಿ ಎರಡು ಕಡೆ ಎಣಿಸಿ ಸರಾಸರಿ ತೆಗೆಯಿರಿ. ಅಂಗುಲಕ್ಕೆ 30 ಬಂದರೆ ನೆಲಕ್ಕೆ ಹಾಸಲು ಚೆನ್ನಾದ ಗಟ್ಟಿ ಜಮಖಾನ, 50 ದಾಟಿದರೆ ನಯವಾದದ್ದು. 80 ಮತ್ತು ಅದಕ್ಕೆ ಮೇಲ್ಪಟ್ಟದ್ದನ್ನು ‘ಟ್ಯಾಪೆಸ್ಟ್ರಿ’ ಎಂದು ಬೇರೆಯಾಗಿಯೇ ಕರೆಯುತ್ತಾರೆ. ಅದು ಗೋಡೆಗೆ, ನೆಲಕ್ಕಲ್ಲ.

ಆಮೇಲೆ ನೆಲದ ಮೇಲೆ ಹರಡಿ, ಎರಡು ತುದಿಗಳ ಅಗಲ ಅಳೆಯಿರಿ, ಉದ್ದಕ್ಕೆ ಅರ್ಧ ಮಡಿಸಿ ಅಂಚಿಗೆ ಅಂಚು ಕೂಡಿಸಿ. ಕೈಕೆಲಸದಲ್ಲಿ ಒಂದಂಗುಲದ ವ್ಯತ್ಯಾಸ ದೋಷವಲ್ಲ. ಮೂಲೆ ಸುರುಳಿಯಾಗಿ ಏಳುವುದು, ನಡುವೆ ಅಲೆ ಅಲೆಯಾಗಿ ಉಬ್ಬುವುದು ಮಾತ್ರ ದೋಷ. ಹಾಸಿನ ಬಿಗಿ ಸಮವಾಗಿರಲಿಲ್ಲ, ಅಥವಾ ಹೊಕ್ಕನ್ನು ಒಂದು ಕಡೆ ಅತಿಯಾಗಿ ಎಳೆದಿದ್ದಾರೆ ಎಂದರ್ಥ. ಇದನ್ನು ಇಸ್ತ್ರಿಯಿಂದ ಸರಿಮಾಡಲಾಗದು.

ಬಣ್ಣ ಬಿಡುತ್ತದೆಯೇ ಎಂದು ಮಾರುವವರ ಅನುಮತಿ ಕೇಳಿ ನೋಡಿ. ಒದ್ದೆ ಮಾಡಿ ಹಿಂಡಿದ ಬಿಳಿ ಹತ್ತಿಬಟ್ಟೆಯನ್ನು ಮೂಲೆಯ ಕೆಂಪು ಭಾಗದ ಮೇಲೆ ಒಂದು ನಿಮಿಷ ಒತ್ತಿಹಿಡಿಯಿರಿ, ಉಜ್ಜಬೇಡಿ. ಬಟ್ಟೆಗೆ ಗುಲಾಬಿ ಛಾಯೆ ಬಂದರೆ ಆ ಜಮಖಾನಕ್ಕೆ ಜೀವನಪೂರ್ತಿ ನೀರು ತಾಗಿಸುವಂತಿಲ್ಲ. ಹಳೆಯದರಲ್ಲಿ ಕೆಂಪು ಸೋರಿ ಪಕ್ಕದ ಬಿಳಿಗೆ ಹತ್ತಿದೆಯೇ, ಸವೆದ ಜಾಗಕ್ಕೆ ಪೆನ್ನಿನ ಬಣ್ಣ ಬಳಿದಿದ್ದಾರೆಯೇ ಎಂದೂ ನೋಡಿ.

ಊರಿನ ಹೆಸರು, ವಿನ್ಯಾಸದ ಹೆಸರು

ವಿನ್ಯಾಸಗಳಿಗೆ ಹೆಚ್ಚಾಗಿ ವ್ಯಾಪಾರ ಮಳಿಗೆಗಳಿದ್ದ ಊರುಗಳ ಹೆಸರು. ನ್ಯೂ ಮೆಕ್ಸಿಕೋದ ಟೂ ಗ್ರೇ ಹಿಲ್ಸ್ ಶೈಲಿಯಲ್ಲಿ ಕುರಿಯ ಸ್ವಂತ ಬಣ್ಣಗಳೇ ಪ್ರಧಾನ: ಬಿಳಿ, ಕಂದು, ಕಪ್ಪು, ಮತ್ತು ಇವನ್ನು ಹಿಂಜುವಾಗ ಬೆರೆಸಿ ಮಾಡಿದ ಬೂದು, ತಿಳಿಗಂದು. ಕಪ್ಪು ಇನ್ನೂ ಗಾಢವಾಗಲೆಂದು ಬಣ್ಣ ಹಾಕುವುದುಂಟು. ಬಣ್ಣದ ಆಡಂಬರ ಇಲ್ಲದ್ದರಿಂದ ನೇಕಾರರ ಗಮನವೆಲ್ಲ ನಯದ ಮೇಲೆ. ಡೈಸಿ ಟಾಗಲ್ಚೀ ಎಂಬ ಮಹಾನ್ ನೇಕಾರಳು ಇದೇ ಪರಂಪರೆಯವಳು, ಅವಳ ನೇಯ್ಗೆ 2004ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೂ ಬಂತು. ಅರಿಝೋನಾದ ಗನಾಡೋ ಶೈಲಿಗೆ ಕಡುಗೆಂಪು ನೆಲ, ನಡುವೆ ದೊಡ್ಡ ವಜ್ರಾಕೃತಿ. ಇದನ್ನು ಪ್ರೋತ್ಸಾಹಿಸಿದ ವ್ಯಾಪಾರಿ ಜಾನ್ ಲೊರೆಂಜೊ ಹಬ್ಬೆಲ್, ತನಗೆ ಬೇಕಾದ ವಿನ್ಯಾಸಗಳ ಚಿಕ್ಕ ಚಿತ್ರಗಳನ್ನು ಕಲಾವಿದರಿಂದ ಬರೆಸಿ ಗೋಡೆಗೆ ತೂಗುಹಾಕಿಸಿದ್ದ. ಆ ಮಳಿಗೆ ಈಗ ರಾಷ್ಟ್ರೀಯ ಸ್ಮಾರಕ, ಒಳಗೆ ಇಂದಿಗೂ ಜಮಖಾನ ಮಾರುತ್ತಾರೆ. ಟೀಕ್ ನಾಸ್ ಪಾಸ್ ಶೈಲಿಯಲ್ಲಿ ಪರ್ಷಿಯನ್ ಗಂಬಳಿಯನ್ನು ನೆನಪಿಸುವ ಅಗಲವಾದ ಅಂಚುಪಟ್ಟಿ. ವೈಡ್ ರೂಯಿನ್ಸ್ ಕಡೆಯದರಲ್ಲಿ ಅಂಚುಪಟ್ಟಿಯೇ ಇಲ್ಲ, ಗಿಡಮೂಲಿಕೆಯ ಮೆದು ಬಣ್ಣದ ಅಡ್ಡಪಟ್ಟೆಗಳು ಮಾತ್ರ. ಈಗ ಯಾವ ಊರಿನವರು ಯಾವ ಶೈಲಿಯನ್ನಾದರೂ ನೇಯುತ್ತಾರೆ. ‘ಗನಾಡೋ’ ಎಂದರೆ ಶೈಲಿ, ನೇಕಾರಳ ಊರಲ್ಲ.

ಬೆಲೆ, ಬಿಲ್ಲು ಮತ್ತು ಮಾತಿನ ಜಾಣತನ

1973ರಲ್ಲಿ ನವಾಹೋ ಸಮುದಾಯ ಕಾಲೇಜು ಒಂದು ಲೆಕ್ಕ ಹಾಕಿತು. ಒಂದು ಜಮಖಾನಕ್ಕೆ ಕುರಿಯ ಉಣ್ಣೆ ಕತ್ತರಿಸಿ ಹಸನು ಮಾಡಲು 45 ಗಂಟೆ, ನೂಲಲು 24, ಬಣ್ಣ ತಯಾರಿಸಿ ಹಾಕಲು 60, ನೇಯಲು 215, ಮಾರಲು 1, ಒಟ್ಟು 345 ಗಂಟೆ. ಗಿರಣಿ ನೂಲು ಬಳಸಿದರೂ ನೇಯುವ 215 ಗಂಟೆ ಎಲ್ಲಿಗೂ ಹೋಗದು. ಅಂಥದ್ದನ್ನು 200 ಡಾಲರಿಗೆ ಕೊಡುತ್ತೇವೆ ಎಂದರೆ ಗಂಟೆಗೆ ಒಂದು ಡಾಲರೂ ಬೀಳಲಿಲ್ಲ. ಒಂದೋ ಅದು ನವಾಹೋ ಅಲ್ಲ, ಇಲ್ಲವೇ ನೇಕಾರಳಿಗೆ ಮೋಸವಾಗಿದೆ.

1990ರ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಕಾಯ್ದೆಯ ಪ್ರಕಾರ, ಮೂಲನಿವಾಸಿಗಳು ಮಾಡದ್ದನ್ನು ಅವರದೆಂದು ಹೇಳಿ ಮಾರುವುದು ಅಮೆರಿಕದಲ್ಲಿ ಅಪರಾಧ. ಅದಕ್ಕೇ ಕೆಲವರು ‘ನವಾಹೋ ವಿನ್ಯಾಸ’, ‘ನವಾಹೋ ಮಾದರಿ’, ‘ಸೌತ್‌ವೆಸ್ಟ್ ಶೈಲಿ’ ಎಂದು ಜಾಣತನದಿಂದ ಬರೆಯುತ್ತಾರೆ. ಬಿಲ್ಲಿನಲ್ಲಿ ‘ನವಾಹೋ ನೇಕಾರರು ಕೈಯಲ್ಲಿ ನೇಯ್ದದ್ದು’ ಎಂಬ ಮಾತು, ನೇಕಾರರ ಹೆಸರು, ಊರು, ಅಳತೆ, ನೂಲು ಕೈಯದೋ ಗಿರಣಿಯದೋ, ಬಣ್ಣ ಯಾವುದು, ಇಷ್ಟನ್ನೂ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡುವ ಅಂಗಡಿಯಲ್ಲಿ ಕೊಳ್ಳಬೇಡಿ. ನೇಕಾರರಿಂದ ನೇರವಾಗಿ ಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ಸಂತೆಯ ಚೌಕಾಸಿ ಅಲ್ಲಿ ಬೇಡ. ಜೊತೆಗೆ ನಿಂತು ಫೋಟೊ ತೆಗೆಯುವ ಮುನ್ನ ಕೇಳಿ.

ಮನೆಗೆ ತಂದ ಮೇಲೆ

ಮಾಡಲೇಬಾರದ ಕೆಲಸ ಮೊದಲು: ಒಂದು ತುದಿ ಹಿಡಿದು ಪಟಪಟನೆ ಕೊಡವುವುದು, ಹಗ್ಗಕ್ಕೆ ಹಾಕಿ ಕೋಲಿನಿಂದ ಬಡಿಯುವುದು. ಆ ಏಟಿಗೆ ಮೊದಲು ತುಂಡಾಗುವುದು ತುದಿಯ ಹುರಿ. ಹುರಿ ತುಂಡಾದರೆ ಹಾಸಿನ ಕುಣಿಕೆಗಳು ಬಯಲಾಗಿ ಹೊಕ್ಕು ಜಾರತೊಡಗುತ್ತದೆ. ಹಾಗೆಯೇ ವಾಷಿಂಗ್ ಮೆಷಿನ್, ಬಕೆಟ್ಟಿನಲ್ಲಿ ನೆನೆಹಾಕುವುದು, ಬೀದಿಕೊನೆಯ ಡ್ರೈಕ್ಲೀನಿಂಗ್ ಕೂಡ ಬೇಡ.

ಧೂಳು ತೆಗೆಯಲು ವ್ಯಾಕ್ಯೂಮ್ ಸಾಕು, ಆದರೆ ತಿರುಗುವ ಬ್ರಷ್ ತೆಗೆದಿರಬೇಕು. ಕಿಟಕಿಗೆ ಹಾಕುವ ಸೊಳ್ಳೆಜಾಲರಿಯ ಒಂದು ತುಂಡನ್ನು ಜಮಖಾನದ ಮೇಲಿಟ್ಟು, ಅದರ ಮೇಲೆ ಕಡಿಮೆ ವೇಗದಲ್ಲಿ ಎಳೆದರೆ ನೂಲು ಎದ್ದುಬರುವುದಿಲ್ಲ. ಎರಡೂ ಮುಖಕ್ಕೆ ಮಾಡಿ, ಕೆಲವು ತಿಂಗಳಿಗೊಮ್ಮೆ ಮಗುಚಿ, ದಿಕ್ಕು ಬದಲಿಸಿ ಹಾಸಿ. ಕೆಳಗೆ ಜಾರದಂಥ ಮೆದು ಪದರ ಇರಲಿ. ಮೊಸಾಯಿಕ್, ಗ್ರಾನೈಟ್ ನೆಲದ ಮೇಲೆ ಬರಿದೇ ಹಾಸಿದರೆ ಏಣುಗಳು ಬೇಗ ಸವೆಯುತ್ತವೆ. ಏನಾದರೂ ಚೆಲ್ಲಿದರೆ ಬಿಳಿ ಬಟ್ಟೆಯಿಂದ ಒತ್ತಿ ಹೀರಿಸಿ.

ಉಣ್ಣೆಗೆ ದೊಡ್ಡ ಶತ್ರು ನುಸಿ. ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು, ಅದೂ ಸೋಫಾದ ಕೆಳಗಿನ ಕತ್ತಲಲ್ಲಿ. ಮರಳಿನಂಥ ಸಣ್ಣ ಕಾಳು ಜಮಖಾನದ ಬಣ್ಣದಲ್ಲೇ ಉದುರಿದ್ದರೆ ಅದು ಹುಳುವಿನ ಹಿಕ್ಕೆ. ಬೇವಿನ ಸೊಪ್ಪು, ಕರ್ಪೂರ ಇಟ್ಟರೆ ಒಳಗೆ ಸೇರಿದ ಹುಳು ಸಾಯುವುದಿಲ್ಲ, ಹಸಿ ಸೊಪ್ಪಿನಿಂದ ಕಲೆ ಬೇರೆ. ಚಿಕ್ಕ ಜಮಖಾನವಾದರೆ ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಸುತ್ತಿದ್ದನ್ನು ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆಯ ಉಣ್ಣೆಯ ಮೇಲೆ ಗಾಳಿಯ ತೇವ ನೀರಾಗಿ ಕೂತು ಬಣ್ಣ ಬಿಡುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ಬೂಷ್ಟಿನ ಭಯವೂ ಇದೆ. ಹೊರಗೋಡೆಗೆ ತಾಗಿಸಿ ಇಡಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡಬೇಡಿ. ಎತ್ತಿಡುವುದಾದರೆ ಮಡಿಸದೆ, ಹಳೆಯ ಬಿಳಿ ಪಂಚೆ ಸುತ್ತಿದ ದಪ್ಪ ಕೊಳವೆಗೆ ಹಾಸಿನ ದಿಕ್ಕಿನಲ್ಲಿ ಸುರುಳಿ ಸುತ್ತಿ, ಮೇಲೊಂದು ತೊಳೆದ ಹತ್ತಿಬಟ್ಟೆ ಹೊದಿಸಿ.

ಗೋಡೆಗೆ ತೂಗುಹಾಕಲು ಮೊಳೆಯನ್ನಾಗಲೀ ಕ್ಲಿಪ್ಪನ್ನಾಗಲೀ ಬಳಸಬೇಡಿ, ಇಡೀ ಭಾರ ನಾಲ್ಕೈದು ಎಳೆಗಳ ಮೇಲೆ ಬೀಳುತ್ತದೆ. ಎರಡಂಗುಲ ಅಗಲದ ವೆಲ್ಕ್ರೋದ ಮೆದು ಪಟ್ಟಿಯನ್ನು ಮೊದಲು ಹತ್ತಿಯ ಲಾಡಿಯ ಮೇಲೆ ಹೊಲಿದು, ಆ ಲಾಡಿಯನ್ನು ಜಮಖಾನದ ಮೇಲ್ತುದಿಗೆ ಹತ್ತಿದಾರದಿಂದ ಹೊಲಿಯಿರಿ. ಸೂಜಿ ನೂಲಿನ ಸಂದಿಯಲ್ಲಿ ಹೋಗಬೇಕು, ನೂಲನ್ನು ಸೀಳಿ ಅಲ್ಲ. ಒಂದೊಂದು ಹೊಲಿಗೆಯೂ ಎರಡು ಮೂರು ಹಾಸಿನ ಎಳೆಗಳನ್ನು ಬಳಸಿರಲಿ. ವೆಲ್ಕ್ರೋದ ಒರಟು ಪಟ್ಟಿಯನ್ನು ಗೋಡೆಯ ಮರದ ರೀಪಿಗೆ ಬಡಿದು, ಜಮಖಾನವನ್ನು ಅದಕ್ಕೆ ಒತ್ತಿ ಕೂರಿಸಿ. ಬಿಸಿಲು ನೇರ ಬೀಳುವ ಗೋಡೆ ಬೇಡ. ಒಮ್ಮೆ ಮಾಸಿದ ಬಣ್ಣ ಮರಳುವುದಿಲ್ಲ.

ಅಂಚಿನ ಹುರಿ ಎಲ್ಲಾದರೂ ಬಿಟ್ಟುಕೊಂಡಿದ್ದರೆ ಕತ್ತರಿಸಿ ಓರಣ ಮಾಡಲು ಹೋಗಬೇಡಿ. ಬಿಟ್ಟ ತುದಿಯನ್ನು ಹತ್ತಿದಾರದಿಂದ ಸಡಿಲವಾಗಿ ಕಟ್ಟಿಟ್ಟು, ನವಾಹೋ ನೇಯ್ಗೆ ದುರಸ್ತಿ ಬಲ್ಲವರ ಕೈಗೆ ಕೊಡಿ. ಮೂಲ ಹುರಿ ಉಳಿದಿದ್ದರೆ ಅವರು ಅದನ್ನೇ ಮತ್ತೆ ಹೆಣೆದು ಕೂರಿಸುತ್ತಾರೆ.